ಹ್ಯಾನಿಬಲ್ ಹೆಸರಿನ ಪಕ್ಕದ ಎರಡು ಅಂಕಿ

"ನುಮಿಡಿಯಾದ ಕುದುರೆ ಸವಾರ ಎಲ್ಲಿದ್ದಾನೆ ತೋರಿಸು. ಬಾಲಿಯಾರಿಕ್ ದ್ವೀಪದ ಕವಣೆಗಾರ ಎಲ್ಲಿ? ಸ್ಪೇನಿನ ಕಾಲಾಳು ಎಲ್ಲಿ? ಎಲ್ಲ ಒಂದೇ ಅಚ್ಚಿನ ಬಿಲ್ಲೆಗಳಲ್ಲವಾ ಇವು!"

ಪಿಯು ಕಾಲೇಜಿನಲ್ಲಿ ವರ್ಷಗಟ್ಟಲೆ ಇತಿಹಾಸ ಹೇಳಿ ನಿವೃತ್ತರಾದ ಮಾವನ ಮೊದಲ ತಕರಾರು ಇದು. ಎದುರಿಗೆ ಕೂತಿದ್ದ ಅಕ್ಕನ ಮಗಳಿಗೆ ಈ ತಕರಾರು ಬರುತ್ತದೆಂದು ಗೊತ್ತಿತ್ತು. ಆಟ ಕಲಿಯಲು ಕೂತವರೆಲ್ಲ ಮೊದಲು ಕಾಯಿಗಳನ್ನೇ ಎತ್ತಿ ನೋಡುತ್ತಾರೆ. ಯಾವುದಕ್ಕೆ ಎಷ್ಟು ಬಲ ಎಂದು ಕೇಳುತ್ತಾರೆ. ಚದುರಂಗ ಆಡಿ ಬೆಳೆದವರಿಗೆ ಅದು ಸಹಜವೂ ಹೌದು. ಅಲ್ಲಿ ಆನೆ ಆನೆಯೇ, ಕುದುರೆ ಕುದುರೆಯೇ. ನಡೆ ಕಾಯಿಯೊಳಗೇ ಇರುತ್ತದೆ.

"ಇಲ್ಲಿ ನಡೆ ಕಾಯಿಯಲ್ಲಿಲ್ಲ ಮಾವ, ನಾಯಕನಲ್ಲಿದೆ. ಬಿಲ್ಲೆ ಬಿಡಿ, ನಾಯಕರ ಕಾಯಿ ತಗೊಳ್ಳಿ. ಅದರ ಮೇಲೆ ಎರಡು ಅಂಕಿ ಇವೆ ನೋಡಿ. ಈ ಆಟ ಅರ್ಧಕ್ಕರ್ಧ ಅಷ್ಟೇ."

ಆಟದ ಹೆಸರು 'ಹ್ಯಾನಿಬಲ್: ರೋಮ್ ವರ್ಸಸ್ ಕಾರ್ತೇಜ್'. ಕಾರ್ತೇಜಿನ ಸೇನಾನಿ ಹ್ಯಾನಿಬಲ್ ರೋಮಿನ ಮೇಲೆ ಹೂಡಿದ ಯುದ್ಧ ಅದರ ವಸ್ತು. ಮಾರ್ಕ್ ಸಿಮೊನಿಚ್ ರೂಪಿಸಿದ್ದು, ಅಮೆರಿಕದ ಅವಲಾನ್ ಹಿಲ್ ಕಂಪನಿ 1996ರಲ್ಲಿ ಹೊರತಂದದ್ದು. ಇಸ್ಪೀಟಿನಂಥ ಎಲೆಗಳಿಂದ ಯುದ್ಧ ನಡೆಸುವ ಈ ಬಗೆಯ ಆಟಕ್ಕೆ ದಾರಿ ತೋರಿಸಿದ್ದು ಅದೇ ಕಂಪನಿಯ 'ವೀ ದ ಪೀಪಲ್'. ಅಮೆರಿಕದ ಸ್ವಾತಂತ್ರ್ಯ ಸಮರದ ಮೇಲೆ ಮಾರ್ಕ್ ಹರ್ಮನ್ 1993ರಲ್ಲಿ ಮಾಡಿದ ಆಟ ಅದು. ಅದಕ್ಕೂ ಹಿಂದಿನ ಯುದ್ಧದಾಟಗಳಲ್ಲಿ ಸಾಮಾನ್ಯವಾಗಿ ಪ್ರತಿ ದಳದ ಬಿಲ್ಲೆಯ ಮೇಲೂ ದಾಳಿಯ ಬಲ ಇಷ್ಟು, ಸಾಗುವ ದೂರ ಇಷ್ಟು ಎಂದು ಅಂಕಿ ಅಚ್ಚಾಗಿರುತ್ತಿತ್ತು. ಸಿಮೊನಿಚ್ ಅವನ್ನೆಲ್ಲ ಅಳಿಸಿದ. ಗೌಲ್ ಆಗಲಿ, ಲಿಬಿಯಾದವನಾಗಲಿ, ರೋಮಿನ ಲೀಜನ್ ಆಗಲಿ, ಒಂದು ಬಿಲ್ಲೆಗೆ ಒಂದೇ ಬೆಲೆ. ಆನೆಗಳಿಗೆ ಮಾತ್ರ ಬೇರೆ ಲೆಕ್ಕ.

"ಅಂದರೆ ಇತಿಹಾಸ ಗೊತ್ತಿಲ್ಲದವನು ಮಾಡಿದ್ದಾನೆ ಅಂತಾಯಿತು," ಎಂದರು ಮಾವ.

"ತುಂಬ ಗೊತ್ತಿದ್ದವನೇ. ಅವಸರ ಮಾಡಬೇಡಿ."

ಅವಳು ಎಡಗಡೆಯ ಅಂಕಿ, ಬಲಗಡೆಯ ಅಂಕಿ ಎಂದು ಪಾಠ ಒಪ್ಪಿಸಲಿಲ್ಲ. ಮಾವನ ಕೈಗೆ ಒಂದಷ್ಟು ಎಲೆ ಹಂಚಿದಳು. ಪ್ರತಿ ಎಲೆಯ ಮೇಲೂ 1, 2 ಅಥವಾ 3 ಎಂಬ ಅಂಕಿ. ಜೊತೆಗೆ ಒಂದು ಘಟನೆ. ಎಲೆ ಇಳಿಸುವಾಗ ಆಟಗಾರ ಒಂದನ್ನು ಆರಿಸಿಕೊಳ್ಳಬೇಕು. ಘಟನೆ ಬಳಸಬಹುದು, ಇಲ್ಲವೇ ಅಂಕಿಯಷ್ಟು ಊರುಗಳಲ್ಲಿ ತನ್ನ ಗುರುತು ನೆಡಬಹುದು, ಇಲ್ಲವೇ ಒಬ್ಬ ನಾಯಕನನ್ನು ನಡೆಸಬಹುದು. ನಾಯಕ ನಡೆದರೆ ಜೊತೆಗೆ ಹತ್ತು ಬಿಲ್ಲೆಗಳವರೆಗೆ ಕರೆದುಕೊಂಡು ನಾಲ್ಕು ಮನೆ ಸಾಗಬಲ್ಲ. ಕೆಲವು ವಿಶೇಷ ಎಲೆಗಳನ್ನು ಬಿಟ್ಟರೆ, ನಾಯಕನಿಲ್ಲದ ಬಿಲ್ಲೆ ಇದ್ದಲ್ಲೇ ಇರುತ್ತದೆ.

"ಈಗ ಹ್ಯಾನಿಬಲ್‌ನ ಮೊದಲ ಅಂಕಿ, ಅಂದರೆ ತಂತ್ರದ ಅಂಕಿ, ಎಷ್ಟಿದೆ?"

"ಒಂದು. ಬರೀ ಒಂದಾ? ಅಂಥವನಿಗೆ?"

"ಒಂದು ಅಂದರೆ ಒಂದರ ಎಲೆಗೂ ಎದ್ದು ಹೊರಡುತ್ತಾನೆ. ಎರಡರವನು ಎರಡಕ್ಕೋ ಮೂರಕ್ಕೋ ಮಾತ್ರ ಏಳುತ್ತಾನೆ. ಮೂರರವನಿಗೆ ಮೂರೇ ಬೇಕು. ನಿಮ್ಮ ಕೈಯಲ್ಲಿ ಮೂರರ ಎಲೆ ಇಲ್ಲದಿದ್ದರೆ ಹತ್ತು ಬಿಲ್ಲೆ ಸೈನ್ಯ ಇಟ್ಟುಕೊಂಡೂ ಅವನು ಮಲಗಿರುತ್ತಾನೆ."

ಮಾವ ತಮ್ಮ ಕೈಯ ಎಲೆಗಳನ್ನು ಮತ್ತೊಮ್ಮೆ ನೋಡಿಕೊಂಡರು. ಈ ಅಂಕಿ ಹೆಚ್ಚಿದ್ದಷ್ಟೂ ಕೆಟ್ಟದ್ದು ಎಂಬುದು ಹೊಸಬರಿಗೆ ಬೇಗ ಹತ್ತುವುದಿಲ್ಲ. ಹತ್ತಿದ ಮೇಲೆ ಹಾಸಿನ ನೋಟವೇ ಬದಲಾಗುತ್ತದೆ. ಆ ತನಕ ಬಿಲ್ಲೆಗಳ ರಾಶಿ ಎಲ್ಲಿ ದೊಡ್ಡದಿದೆ ಎಂದು ಹುಡುಕುತ್ತಿದ್ದ ಕಣ್ಣು, ಆ ರಾಶಿಯನ್ನು ಅಲುಗಿಸಬಲ್ಲವನು ಯಾರು ಎಂದು ಹುಡುಕತೊಡಗುತ್ತದೆ.

ಮಾವ ಹಾದಿಗೆ ಬಂದರು, ಆದರೆ ಮೇಷ್ಟರಾಗಿಯೇ. "ಹಾಗಾದರೆ ಈ ಅಂಕಿ ಚುರುಕುತನದ್ದು ಮಾತ್ರ ಅಲ್ಲ. ಹ್ಯಾನಿಬಲ್ ಬೇಗ ಹೊರಡುತ್ತಿದ್ದ, ಸರಿ. ಆದರೆ ಅವನನ್ನು ತಡೆಯುವವರೂ ಹತ್ತಿರ ಇರಲಿಲ್ಲ. ಕಾರ್ತೇಜಿನ ಸಭೆ ಸಮುದ್ರದಾಚೆ. ಸೈನ್ಯ ನಡೆಸುವ ರೋಮಿನ ಕಾನ್ಸಲ್‌ಗೆ ಪಕ್ಕದಲ್ಲೇ ಇನ್ನೊಬ್ಬ ಕಾನ್ಸಲ್, ಹಿಂದೆ ಸೆನೆಟ್, ಮುಂದೆ ಚುನಾವಣೆ. ಅವನು ನಿಧಾನ ಅಂದರೆ ಅವನೊಬ್ಬನೇ ನಿಧಾನ ಅಲ್ಲ, ಇಡೀ ವ್ಯವಸ್ಥೆಯೇ ನಿಧಾನ."

ಈ ಮಾತಿಗೆ ತೂಕವಿದೆ. ಆಟದ ಅಂಕಿ ಒಬ್ಬ ಮನುಷ್ಯನ ಹೆಸರಿನ ಪಕ್ಕದಲ್ಲಿದ್ದರೂ ಅದರೊಳಗೆ ಒಂದು ರಾಜ್ಯದ ಆಡಳಿತವೂ ಸೇರಿಕೊಂಡಿದೆ. ರೋಮಿನ ಪರ ಆಡುವವರಿಗೆ ಇದು ಇನ್ನೊಂದು ನಿಯಮದಲ್ಲಿ ನೇರವಾಗಿ ತಾಗುತ್ತದೆ. ಪ್ರತಿ ಸುತ್ತಿನ ಆರಂಭದಲ್ಲಿ ಹಳೆಯ ಕಾನ್ಸಲ್‌ಗಳ ಕಾಯಿ ಹಿಂದಕ್ಕೆ ಹೋಗುತ್ತವೆ. ಹೊಸ ಇಬ್ಬರನ್ನು ಕಣ್ಣುಮುಚ್ಚಿ ಎತ್ತಬೇಕು. ಹಳಬರಲ್ಲಿ ಒಬ್ಬನನ್ನು ಪ್ರೊಕಾನ್ಸಲ್ ಎಂದು ಉಳಿಸಿಕೊಳ್ಳಬಹುದು, ಅಷ್ಟೇ. ಕಾರ್ತೇಜಿನ ಕಡೆ ಹಾಗಲ್ಲ. ಹ್ಯಾನಿಬಲ್, ಅವನ ತಮ್ಮಂದಿರಾದ ಹಸ್ಡ್ರುಬಲ್ ಮತ್ತು ಮಾಗೊ, ಇವರು ಸೋತು ಸಾಯುವವರೆಗೂ ಅವರೇ. ಹನ್ನೊ ಎಂಬ ಒಬ್ಬನಿದ್ದಾನೆ, ಆಫ್ರಿಕಾ ಬಿಟ್ಟು ಕದಲುವಂತಿಲ್ಲ.

"ಟ್ರೆಬಿಯಾ ನೆನಪಾಗುತ್ತಿದೆ," ಎಂದರು ಮಾವ. "ಕ್ರಿ.ಪೂ. 218ರ ಡಿಸೆಂಬರು. ಒಬ್ಬ ಕಾನ್ಸಲ್ ಗಾಯಗೊಂಡು ಮಲಗಿದ್ದಾನೆ. ಇನ್ನೊಬ್ಬ ಸೆಂಪ್ರೋನಿಯಸ್‌ಗೆ ಅವಸರ. ಅವಧಿ ಮುಗಿಯುತ್ತಾ ಬಂತು. ಹೊಸಬರು ಬರುವ ಮುಂಚೆ ಗೆಲುವು ತನ್ನ ಹೆಸರಿಗೆ ಬರಬೇಕು. ಇತಿಹಾಸಕಾರ ಪೊಲಿಬಿಯಸ್ ಇದನ್ನು ಸ್ಪಷ್ಟವಾಗಿ ಬರೆದಿದ್ದಾನೆ. ಬೆಳಗಿನ ಊಟವೂ ಇಲ್ಲದೆ, ಕೊರೆಯುವ ಹೊಳೆ ದಾಟಿಸಿಕೊಂಡು ಸೈನ್ಯ ಒಯ್ದ. ಮಾಗೊ ಪೊದೆಯ ಮರೆಯಲ್ಲಿ ಹೊಂಚು ಹಾಕಿ ಕೂತಿದ್ದ."

"ನೀವೂ ಈಗ ಹಾಗೇ ಮಾಡುತ್ತೀರಿ, ನೋಡುತ್ತಿರಿ. ಒಳ್ಳೆ ಕಾನ್ಸಲ್ ಕೈಗೆ ಸಿಕ್ಕ ಸುತ್ತಿನಲ್ಲಿ, ಮುಂದಿನ ಸಲ ಇವನು ಸಿಗುತ್ತಾನೋ ಇಲ್ಲವೋ ಅಂತ ಕಾದಾಟಕ್ಕೆ ನುಗ್ಗುತ್ತೀರಿ."

ಮಾವ ಅದನ್ನು ಒಪ್ಪಲಿಲ್ಲ. ತಾವು ಕಾದಾಟ ತಪ್ಪಿಸಿ ಕಾಯುವ ಫೇಬಿಯಸ್‌ನ ಹಾದಿಯವರು ಎಂದರು. ಅವಳು ಸುಮ್ಮನೆ ಎರಡನೆಯ ಅಂಕಿಗೆ ಹೋದಳು.

ಎರಡನೆಯದು ಕಾದಾಟದ ಅಂಕಿ. ಇದು ಹೆಚ್ಚಿದ್ದಷ್ಟೂ ಒಳ್ಳೆಯದು. ಹ್ಯಾನಿಬಲ್‌ಗೆ 4, ರೋಮಿನ ಕಡೆ ಆ ಎತ್ತರದವನು ಆಮೇಲೆ ಬರುವ ಸಿಪಿಯೊ ಆಫ್ರಿಕಾನಸ್ ಮಾತ್ರ. ಎರಡು ಸೈನ್ಯ ಒಂದೇ ಮನೆಯಲ್ಲಿ ಎದುರಾದರೆ ಬೇರೆಯೇ ಒಂದು ಕಟ್ಟಿನಿಂದ ಕಾದಾಟದ ಎಲೆ ಹಂಚುತ್ತಾರೆ. ಬಿಲ್ಲೆಗೊಂದು ಎಲೆ, ಮೇಲೆ ನಾಯಕನ ಅಂಕಿಯಷ್ಟು ಎಲೆ. ಆ ಸೀಮೆ ಯಾರ ಕಡೆಗಿದೆಯೋ ಅವರಿಗೆ ಸ್ಥಳೀಯರ ಬೆಂಬಲವೆಂದು ಇನ್ನಷ್ಟು. ಅವಳು ಬೆಂಬಲದ ಲೆಕ್ಕ ಬದಿಗಿಟ್ಟು ಒಂದು ಮಾದರಿ ಕಾದಾಟ ಹೂಡಿದಳು. ತನಗೆ ಎಂಟು ಬಿಲ್ಲೆ ಮತ್ತು ಹ್ಯಾನಿಬಲ್, ಒಟ್ಟು ಹನ್ನೆರಡು ಎಲೆ. ಮಾವನಿಗೆ ಹತ್ತು ಬಿಲ್ಲೆ ಮತ್ತು 2ರ ಕಾನ್ಸಲ್, ಒಟ್ಟು ಹನ್ನೆರಡು ಎಲೆ.

"ಸಮಸಮ," ಎಂದರು ಮಾವ.

"ಆಡಿ ನೋಡೋಣ. ನೀವೇ ದಾಳಿಗಾರ."

ಆಟ ಇಸ್ಪೀಟಿನಷ್ಟೇ ಸರಳ. ದಾಳಿಗಾರ ಒಂದು ಎಲೆ ಇಳಿಸುತ್ತಾನೆ. ನೇರ ಆಕ್ರಮಣ, ಎಡ ಬಗಲು, ಬಲ ಬಗಲು, ತಡಕಿ ನೋಡುವ ಸಣ್ಣ ದಾಳಿ, ಎರಡೂ ಕಡೆಯಿಂದ ಸುತ್ತುವರಿಯುವುದು, ಇವುಗಳಲ್ಲಿ ಯಾವುದಾದರೂ. ಎದುರಾಳಿ ಅದೇ ಎಲೆ ಇಳಿಸಿ ಸರಿಗಟ್ಟಬೇಕು. ಇಲ್ಲದಿದ್ದರೆ ಅಲ್ಲಿಗೆ ಕಾದಾಟ ಮುಗಿಯಿತು, ಸೋತ. ಮೀಸಲು ಪಡೆಯ ಎಲೆ ಮಾತ್ರ ಯಾವ ವೇಷವನ್ನಾದರೂ ಹಾಕಬಲ್ಲದು. ಸರಿಗಟ್ಟಿದವನು ದಾಳ ಹಾಕುತ್ತಾನೆ. ತನ್ನ ನಾಯಕನ ಕಾದಾಟದ ಅಂಕಿ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ದಾಳಿಯ ಪಾಳಿ ಅವನ ಕೈಗೆ ಬರುತ್ತದೆ.

ಮಾವ ನೇರ ಆಕ್ರಮಣ ಇಳಿಸಿದರು. ಅವಳು ಸರಿಗಟ್ಟಿ ದಾಳ ಹಾಕಿದಳು: ಮೂರು. ಪಾಳಿ ಅವಳದಾಯಿತು. ಎಡ ಬಗಲು ಬಂತು. ಮಾವನ ಹತ್ತಿರ ಇತ್ತು, ಸರಿಗಟ್ಟಿದರು, ದಾಳದಲ್ಲಿ ಐದು ಬಿತ್ತು. 2ರ ಕಾನ್ಸಲ್‌ಗೆ ಐದು ಯಾತಕ್ಕೂ ಬಾರದು. ಅವಳು ಮತ್ತೆ ಎಡ ಬಗಲು. ಮಾವ ಸರಿಗಟ್ಟಿದರು, ದಾಳ ಮತ್ತೆ ಕೈಕೊಟ್ಟಿತು. ಮೂರನೆಯ ಸಲವೂ ಎಡ ಬಗಲೇ ಬಂದಾಗ ಮಾವನ ಕೈಯಲ್ಲಿ ಆ ಎಲೆ ಇರಲಿಲ್ಲ.

"ಸೋತಿರಿ."

"ಅದ್ಹೇಗೆ? ಇನ್ನೂ ಒಂಬತ್ತು ಎಲೆ ಇದೆಯಲ್ಲ ಕೈಯಲ್ಲಿ!"

"ಇದೆ. ಆಡೋಕೆ ಅವಕಾಶ ಸಿಗಲಿಲ್ಲ."

ಮಾವ ಆ ಒಂಬತ್ತು ಎಲೆಗಳನ್ನು ಬಿಡಿಸಿ ಹಿಡಿದುಕೊಂಡೇ ಇದ್ದರು. ಅವರಿಗೆ ಮಾತು ಬಂದಿದ್ದು ಸ್ವಲ್ಪ ಹೊತ್ತಾದ ಮೇಲೆ. "ಕ್ಯಾನೆಯಲ್ಲಿ ಆದದ್ದು ಇದೇ ಕಣಮ್ಮ," ಎಂದರು.

ಆದದ್ದು ಇದೇ. ಕ್ರಿ.ಪೂ. 216ರ ಆಗಸ್ಟ್ 2. ಪೊಲಿಬಿಯಸ್ ಕೊಡುವ ಲೆಕ್ಕದಂತೆ ರೋಮಿನ ಕಡೆ 80,000 ಕಾಲಾಳು, 6,000ಕ್ಕೆ ಮೇಲ್ಪಟ್ಟು ಕುದುರೆ. ಹ್ಯಾನಿಬಲ್‌ನ ಕಡೆ 40,000ದಷ್ಟು ಕಾಲಾಳು, 10,000 ಕುದುರೆ. ರೋಮನರು ತಮ್ಮ ತುಕಡಿಗಳನ್ನು ಎಂದಿಗಿಂತ ಒತ್ತೊತ್ತಾಗಿ, ಅಗಲಕ್ಕಿಂತ ಆಳ ಹೆಚ್ಚು ಬರುವಂತೆ ನಿಲ್ಲಿಸಿದರು. ಹ್ಯಾನಿಬಲ್‌ನ ಸೈನ್ಯದ ನಡುಭಾಗ ಹಿಂದೆ ಸರಿಯಿತು, ಇವರು ಒಳಗೆ ನುಗ್ಗಿದರು, ಎರಡು ಬದಿಯಿಂದ ಆಫ್ರಿಕಾದ ಪಡೆ ತಿರುಗಿಕೊಂಡಿತು, ಬೆನ್ನಿಗೆ ಕುದುರೆ ದಳ ಬಂದು ಮುಚ್ಚಿತು. ನಡುವೆ ಸಿಕ್ಕ ಸಾವಿರಾರು ಜನ ಕತ್ತಿ ಬೀಸಲೂ ಜಾಗವಿಲ್ಲದೆ ತಮ್ಮ ಸರದಿಗೆ ಕಾಯುತ್ತ ನಿಂತರು. ಸತ್ತವರು ಪೊಲಿಬಿಯಸ್ ಪ್ರಕಾರ 70,000, ಇನ್ನೊಬ್ಬ ಇತಿಹಾಸಕಾರ ಲಿವಿಯ ಪ್ರಕಾರ 48,000ದಷ್ಟು. ಕೈಯಲ್ಲಿ ಉಳಿದುಹೋದ ಎಲೆಗಳು ಆ ನಡುವಿನ ಜನ. ಸಿಮೊನಿಚ್ ಬಿಲ್ಲೆಗಳ ಮೇಲಿನ ಅಂಕಿ ಅಳಿಸಿದ್ದು ಯಾಕೆಂದು ಈ ಒಂದು ಕಾದಾಟದಲ್ಲಿ ಗೊತ್ತಾಗುತ್ತದೆ. ಎಲೆ ಎಷ್ಟಿದ್ದರೂ ಪಾಳಿ ಯಾರದು ಎಂಬುದೇ ಅವನಿಗೆ ಮುಖ್ಯ. 4ರ ನಾಯಕ ಆರು ಸಲದಲ್ಲಿ ನಾಲ್ಕು ಸಲ ಪಾಳಿ ಕಿತ್ತುಕೊಳ್ಳುತ್ತಾನೆ. 1ರವನು ಆರಕ್ಕೊಂದು ಸಲ.

"ಹಾಗಾದರೆ ಕಾದಾಡದೆ ಇರುವುದೇ ಲೇಸು," ಮಾವ ಮತ್ತೆ ಫೇಬಿಯಸ್‌ಗೆ ಬಂದರು. "217ರಲ್ಲಿ ಟ್ರಸಿಮೀನ್ ಸರೋವರದ ದಂಡೆಯಲ್ಲಿ ಸೈನ್ಯ ನಾಶವಾದಾಗ ಅವನನ್ನು ಡಿಕ್ಟೇಟರ್ ಮಾಡಿದರು. ಅವನು ಹ್ಯಾನಿಬಲ್‌ನ ನೆರಳಿನ ಹಾಗೆ ಗುಡ್ಡದ ಮೇಲೇ ಸಾಗಿದ, ಬಯಲಿಗಿಳಿಯಲಿಲ್ಲ. ಹೇಡಿ ಅಂತ ಬೈದರು. ನಿನ್ನ ಆಟದಲ್ಲಿ ಅದಕ್ಕೆ ಜಾಗ ಇದೆಯಾ?"

"ಇದೆ. ಹ್ಯಾನಿಬಲ್ ನಿಮ್ಮ ಮನೆಗೆ ಬಂದರೆ ಕಾದಾಟ ತಪ್ಪಿಸಿಕೊಳ್ಳಲು ದಾಳ ಹಾಕಬಹುದು. ಅಲ್ಲೂ ನಾಯಕನ ಕಾದಾಟದ ಅಂಕಿಯೇ ಲೆಕ್ಕ."

"ಅಂದರೆ ಹೊಡೆಯೋಕೂ ಅದೇ ಅಂಕಿ, ಜಾರಿಕೊಳ್ಳೋಕೂ ಅದೇ ಅಂಕಿ?"

"ಅಡ್ಡ ಹಾಕಿ ತಡೆಯೋಕೂ ಅದೇ."

ಇದು ಮಾವನಿಗೆ ಹಿಡಿಸಲಿಲ್ಲ. ಫೇಬಿಯಸ್‌ನ ಗುಣವೇ ಬೇರೆ, ರೋಮಿನ ಇನ್ನೊಬ್ಬ ಸೇನಾನಿ ಮಾರ್ಸೆಲಸ್‌ನ ಗುಣವೇ ಬೇರೆ, ಇಬ್ಬರನ್ನೂ ಒಂದೇ ಅಂಕಿಯಲ್ಲಿ ಅಳೆಯುವುದು ಹೇಗೆ ಎಂದು ವಾದಿಸಿದರು. ಒಬ್ಬ ರೋಮಿನ ಗುರಾಣಿ, ಇನ್ನೊಬ್ಬ ಕತ್ತಿ ಎಂದು ಹಳಬರೇ ಕರೆದಿದ್ದಾರೆ. ಈ ಆಕ್ಷೇಪಕ್ಕೆ ಆಟದ ಉತ್ತರ, ನಾಯಕರಿಗೆ ಅಂಕಿಯ ಜೊತೆಗೆ ಕೊಟ್ಟಿರುವ ಒಂದೊಂದು ವಿಶೇಷ ಗುಣ. ನೀರೋ ಎಂಬ ಕಾನ್ಸಲ್ ಮಿಕ್ಕವರಿಗಿಂತ ದೂರ ಸಾಗಬಲ್ಲ. (ಪಿಟೀಲಿನ ಕಥೆಯ ಚಕ್ರವರ್ತಿಯಲ್ಲ, ಅವನಿಗಿಂತ ಎರಡೂವರೆ ಶತಮಾನ ಹಿಂದಿನವನು.) ಕ್ರಿ.ಪೂ. 207ರಲ್ಲಿ ಈ ನೀರೋ ದಕ್ಷಿಣದಲ್ಲಿ ಹ್ಯಾನಿಬಲ್‌ಗೆ ಎದುರಾಗಿ ನಿಂತಿದ್ದ. ಒಂದು ಭಾಗ ಸೈನ್ಯವನ್ನು ಅಲ್ಲೇ ಬಿಟ್ಟು, ಆಯ್ದ ಪಡೆಯೊಂದಿಗೆ ಗುಟ್ಟಾಗಿ ಉತ್ತರಕ್ಕೆ ಓಡಿದ. ಅಲ್ಲಿ ಇನ್ನೊಬ್ಬ ಕಾನ್ಸಲ್ ಲಿವಿಯಸ್‌ನನ್ನು ಕೂಡಿಕೊಂಡು, ಅಣ್ಣನಿಗೆ ನೆರವಾಗಲು ಬರುತ್ತಿದ್ದ ಹಸ್ಡ್ರುಬಲ್‌ನನ್ನು ಮೆಟೌರಸ್ ಹೊಳೆಯ ಬಳಿ ಮುಗಿಸಿದ. ಆ ಒಂದು ನಡಿಗೆ ಅವನ ಕಾಯಿಗೆ ನಿಯಮವಾಗಿ ಅಂಟಿಕೊಂಡಿದೆ.

ಆದರೂ ಮಾವ ಪಟ್ಟು ಬಿಡಲಿಲ್ಲ. ಅವರ ಅನುಮಾನ ಈಗ ಅಂಕಿ ಕೊಟ್ಟವರ ಮೇಲೆ ತಿರುಗಿತ್ತು.

"ವ್ಯಾರೋನನ್ನೇ ತಗೋ. ಕ್ಯಾನೆಯ ಸೋಲು ಅವನ ತಲೆಗೆ. ಇಬ್ಬರು ಕಾನ್ಸಲ್‌ಗಳು ದಿನಕ್ಕೊಬ್ಬರಂತೆ ಸೈನ್ಯ ನಡೆಸುತ್ತಿದ್ದರು, ಅವತ್ತು ಅವನ ದಿನ, ಇನ್ನೊಬ್ಬ ಪೌಲಸ್ ಬೇಡ ಅಂದರೂ ಕೇಳಲಿಲ್ಲ. ಹೀಗಂತ ಯಾರು ಹೇಳಿದ್ದು? ಪೊಲಿಬಿಯಸ್. ಅವನು ಯಾರ ಆಶ್ರಯದಲ್ಲಿದ್ದ? ಕಿರಿಯ ಸಿಪಿಯೊನ ಆಶ್ರಯದಲ್ಲಿ. ಆ ಸಿಪಿಯೊ ಹುಟ್ಟಿನಿಂದ ಯಾರ ಮೊಮ್ಮಗ? ಕ್ಯಾನೆಯಲ್ಲಿ ಸತ್ತ ಇದೇ ಪೌಲಸ್‌ನ ಮೊಮ್ಮಗ! ತಾತನ ಮೇಲೆ ತಪ್ಪು ಹೊರಿಸಿ ಬರೆಯೋದಕ್ಕೆ ಆಗುತ್ತಿತ್ತಾ?"

"ಇದು ನಂಗೆ ಗೊತ್ತಿರಲಿಲ್ಲ ಮಾವ."

"ಇನ್ನೂ ಕೇಳು. ಸೋತು ಬಂದ ವ್ಯಾರೋನನ್ನು ಜನ ಎದುರುಗೊಂಡು, ಗಣರಾಜ್ಯದ ಮೇಲೆ ಭರವಸೆ ಬಿಡದೆ ಉಳಿದೆಯಲ್ಲ ಅಂತ ಕೃತಜ್ಞತೆ ಹೇಳಿದರು ಅಂತ ಲಿವಿ ಬರೆಯುತ್ತಾನೆ. ಆಮೇಲೂ ಅವನಿಗೆ ದಂಡಿನ ಹೊಣೆ ಕೊಟ್ಟರು. ಅಷ್ಟು ದಡ್ಡನಾಗಿದ್ದರೆ ಕೊಡುತ್ತಿದ್ದರಾ? ಈಗ ಆಟ ಮಾಡುವವನು ಅವನಿಗೆ ಕಡಿಮೆ ಅಂಕಿ ಹಾಕಿದರೆ, ಆ ಅಂಕಿ ಹಾಕಿದ್ದು ಇವನಲ್ಲ, ಪೌಲಸ್‌ನ ಮನೆಯವರು."

ಅವಳಿಗೆ ಇದಕ್ಕೆ ಉತ್ತರವಿರಲಿಲ್ಲ, ಇರಬೇಕಾಗಿಯೂ ಇಲ್ಲ. ನಾಯಕರಿಗೆ ಅಂಕಿ ಕೊಡುವ ಎಲ್ಲ ಯುದ್ಧದಾಟಗಳಿಗೂ ಇದೇ ಸಂಕಟ. ಗೆದ್ದವನು ಜಾಣನಾದ್ದರಿಂದ ಗೆದ್ದನೋ, ಗೆದ್ದದ್ದರಿಂದ ಜಾಣ ಎನಿಸಿಕೊಂಡನೋ ಎಂಬ ಪ್ರಶ್ನೆಗೆ ಇತಿಹಾಸಕಾರ ಇಡೀ ಅಧ್ಯಾಯ ಬರೆದು ನುಣುಚಿಕೊಳ್ಳಬಹುದು. ಆಟ ಮಾಡುವವನು ಹಾಗೆ ನುಣುಚಿಕೊಳ್ಳುವಂತಿಲ್ಲ. ಅಂಕಿ ಅಚ್ಚು ಹಾಕಲೇಬೇಕು. ಹಾಗೆ ನೋಡಿದರೆ ಅವನದೇ ಹೆಚ್ಚು ಪ್ರಾಮಾಣಿಕ ಕೆಲಸ. ತಪ್ಪಿದ್ದರೆ ಎಲ್ಲರಿಗೂ ಕಾಣುತ್ತದೆ.

ಆನೆಗಳ ವಿಚಾರ ಬೇಗ ಮುಗಿಯಿತು. ಕಾದಾಟಕ್ಕೆ ಮುಂಚೆ ಆನೆಯಿದ್ದವರು ದಾಳ ಹಾಕುತ್ತಾರೆ. ಒಳ್ಳೆ ಗರ ಬಿದ್ದರೆ ಎದುರಾಳಿಯ ಎಲೆ ಕಡಿಮೆಯಾಗುತ್ತವೆ, ಕೆಟ್ಟ ಗರ ಬಿದ್ದರೆ ಆನೆ ತಿರುಗಿ ತನ್ನವರನ್ನೇ ತುಳಿಯುತ್ತದೆ. ಜಾಮಾ ಕಾಳಗದಲ್ಲಿ ಸಿಪಿಯೊಗೆ ಎದುರಾಗಿ 80ಕ್ಕೂ ಹೆಚ್ಚು ಆನೆ ನಿಲ್ಲಿಸಿದ್ದ ಹ್ಯಾನಿಬಲ್‌ಗೆ ಇದೇ ಆಯಿತು ಎಂದು ಮಾವ ಒಪ್ಪಿದರು. ಕಹಳೆಯ ಸದ್ದಿಗೆ ಬೆದರಿದ ಕೆಲವು ಆನೆಗಳು ಅವನ ಕಡೆಯ ಕುದುರೆ ಸವಾರರ ಮೇಲೇ ನುಗ್ಗಿದವು. ಮಿಕ್ಕವು ಸಿಪಿಯೊ ಸಾಲುಗಳ ನಡುವೆ ಬಿಟ್ಟಿದ್ದ ಓಣಿಗಳಲ್ಲಿ ಹಾದುಹೋದವು.

ಬಿಲ್ಲೆಗಳ ಲೆಕ್ಕ ಮಾವನಿಗೆ ಪೂರ್ತಿ ಒಪ್ಪಿಗೆಯಾದದ್ದು ಊರುಗಳ ಗುರುತಿನ ನಿಯಮ ಕೇಳಿದಾಗ. ಕಾದಾಟ ಸೋತವನು ಕಳೆದುಕೊಂಡ ಸೈನ್ಯಕ್ಕೆ ತಕ್ಕಂತೆ ಹಾಸಿನ ಮೇಲಿನ ತನ್ನ ಗುರುತುಗಳನ್ನೂ ತೆಗೆಯಬೇಕು. ಸುತ್ತಿನ ಕೊನೆಗೆ ಯಾರ ವಶದಲ್ಲಿ ಪ್ರಾಂತ್ಯಗಳು ಕಡಿಮೆಯೋ ಅವರು ಆ ವ್ಯತ್ಯಾಸದಷ್ಟು ಗುರುತು ಇನ್ನೂ ಕಳೆದುಕೊಳ್ಳುತ್ತಾರೆ. ಅಂದರೆ ಸೋಲಿನ ಸುದ್ದಿ ಊರೂರಿಗೆ ಹೋಗುತ್ತದೆ. ನಿನ್ನೆಯ ಮಿತ್ರರು ಇವತ್ತು ಬೇರೆ ಕಡೆ ನೋಡುತ್ತಾರೆ.

"ಕಾಪುವಾ," ಎಂದರು ಮಾವ ತಕ್ಷಣ. "ಕ್ಯಾನೆಯಾದ ಮೇಲೆ ಇಟಲಿಯ ಎರಡನೇ ದೊಡ್ಡ ಊರೇ ಕೈಬಿಟ್ಟು ಹೋಯಿತು. ಆದರೆ ರೋಮಿನ ಸುತ್ತಲಿನ ಲ್ಯಾಟಿನ್ ಊರುಗಳು ಅಲುಗಲಿಲ್ಲ. ಹ್ಯಾನಿಬಲ್ ಹದಿನೈದು ವರ್ಷ ಇಟಲಿಯಲ್ಲಿದ್ದು ಕಾದದ್ದು ಅದಕ್ಕೇ. ಸೈನ್ಯ ಎಷ್ಟು ಕೊಂದರೇನು? ಯುದ್ಧಕ್ಕೆ ಕೆಲವೇ ವರ್ಷ ಹಿಂದೆ ರೋಮು ಮತ್ತು ಅದರ ಮಿತ್ರರ ಹತ್ತಿರ ಆಯುಧ ಹಿಡಿಯಬಲ್ಲವರು ಏಳು ಲಕ್ಷ ಕಾಲಾಳು, 70,000 ಕುದುರೆ ಅಂತ ಪೊಲಿಬಿಯಸ್ ಪಟ್ಟಿ ಕೊಟ್ಟಿದ್ದಾನೆ. ಅಷ್ಟು ಜನರನ್ನು ಕಾದಾಡಿ ಮುಗಿಸೋಕೆ ಆಗೋದಿಲ್ಲ. ಮಿತ್ರರನ್ನು ಒಡೆಯಬೇಕು."

"ಹಾಗಾದರೆ ನಿಮಗೆ ಹ್ಯಾನಿಬಲ್ ಆಡೋಕೆ ಬರುತ್ತದೆ. ಹೊಸಬರು ಕಾದಾಟ ಗೆಲ್ಲುತ್ತ ಹೋಗಿ ಆಟ ಸೋಲುತ್ತಾರೆ. ಒಂದರ ಎಲೆಗೂ ಏಳುತ್ತಾನಲ್ಲ ಅಂತ ಎಲ್ಲ ಎಲೆಯನ್ನೂ ಅವನಿಗೇ ಸುರಿಯುತ್ತಾರೆ, ಊರುಗಳಲ್ಲಿ ಗುರುತು ನೆಡೋಕೆ ಎಲೆಯೇ ಉಳಿಯೋದಿಲ್ಲ. ಸ್ಪೇನು ಬರಿದಾಗಿರುತ್ತದೆ."

"ಸ್ಪೇನಿಗೆ ಸಿಪಿಯೊ ಬರುತ್ತಾನೆ."

"ಬರುತ್ತಾನೆ. ಅವನು ಎತ್ತುವ ಕಾಯಿಗಳ ಗುಂಪಿನಲ್ಲಿಲ್ಲ. ಒಟ್ಟು ಒಂಬತ್ತು ಸುತ್ತು. ನಡುವಿನಲ್ಲಿ ನಿಗದಿಯಾದ ಸುತ್ತಿಗೆ ತಾನಾಗಿ ಬರುತ್ತಾನೆ. ತಂತ್ರದ್ದು 1, ಕಾದಾಟದ್ದು 4. ಥೇಟ್ ಹ್ಯಾನಿಬಲ್."

ಇಲ್ಲಿ ಮಾವ ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟರು. "ಇದನ್ನು ನಾನು ಒಪ್ಪೋದಿಲ್ಲ. 211ರಲ್ಲಿ ಸ್ಪೇನಿನಲ್ಲಿ ಅವನ ಅಪ್ಪನೂ ದೊಡ್ಡಪ್ಪನೂ ಸತ್ತರು. ಅಲ್ಲಿಗೆ ಹೋಗೋಕೆ ಬೇರೆ ಯಾರೂ ಮುಂದೆ ಬರಲಿಲ್ಲ ಅಂತ ಲಿವಿ ಬರೆಯುತ್ತಾನೆ. ಇಪ್ಪತ್ತೈದರ ಆಸುಪಾಸಿನ ಹುಡುಗ. ಕಾನ್ಸಲ್ ಆದವನಲ್ಲ, ಪ್ರೀಟರ್ ಕೂಡ ಆದವನಲ್ಲ. ಜನ ಧೈರ್ಯ ಮಾಡಿ ಆರಿಸಿದರು. 209ರಲ್ಲಿ ನ್ಯೂ ಕಾರ್ತೇಜ್ ಹಿಡಿದಾಗಲೇ ಅವನು ಎಂಥವನು ಅಂತ ಗೊತ್ತಾಗಿದ್ದು. ನಿನ್ನ ಆಟದಲ್ಲಿ ರೋಮಿನವನಿಗೆ ಮೊದಲ ದಿನದಿಂದಲೇ ಗೊತ್ತು, ಇಂಥ ದಿನ ಇಂಥವನು ಬರುತ್ತಾನೆ, ಅಲ್ಲಿಯವರೆಗೆ ಉಸಿರು ಹಿಡಿದುಕೊಂಡಿದ್ದರೆ ಸಾಕು ಅಂತ. ಫೇಬಿಯಸ್‌ಗೆ ಅದು ಗೊತ್ತಿತ್ತಾ?"

"ಗೊತ್ತಿರಲಿಲ್ಲ. ಆದರೆ ಆ ದಿನ ಗೊತ್ತಿರೋದರಿಂದಲೇ ಕಾರ್ತೇಜಿನವನು ಮೊದಲ ಸುತ್ತಿನಿಂದ ಓಡುತ್ತಾನೆ. ಸಿಪಿಯೊ ಬರುವ ಮುಂಚೆ ಇಟಲಿ ಒಡೆಯಬೇಕು ಅಂತ. ಅದಿಲ್ಲದಿದ್ದರೆ ಹ್ಯಾನಿಬಲ್ ಯಾಕೆ ಆಲ್ಪ್ಸ್ ಹತ್ತಿ ಅರ್ಧ ಸೈನ್ಯ ಕಳೆದುಕೊಳ್ಳಬೇಕು? ಸ್ಪೇನಿನಲ್ಲೇ ಆರಾಮಾಗಿ ಕೂತಿರುತ್ತಾನೆ."

"ಆಲ್ಪ್ಸ್ ಹತ್ತಿದ್ದು ಸಮುದ್ರ ರೋಮಿನ ವಶದಲ್ಲಿತ್ತು ಅಂತ."

"ಅದೂ ಇದೆ ಆಟದಲ್ಲಿ. ಕಾರ್ತೇಜು ಹಡಗು ಹತ್ತಿದರೆ ದಾಳ ಹಾಕಬೇಕು, ಸೈನ್ಯವೇ ಮುಳುಗಬಹುದು. ಬೆಟ್ಟ ಹತ್ತಿದರೂ ನಷ್ಟಕ್ಕೆ ದಾಳ ಹಾಕಬೇಕು. ಯಾವುದು ಬೇಕೋ ಆರಿಸಿಕೊಳ್ಳಿ."

ಮಾವ ಯೋಚಿಸಿದರು. ರೋನ್ ನದಿ ದಾಟಿದಾಗ ಹ್ಯಾನಿಬಲ್‌ನ ಹತ್ತಿರ 38,000 ಕಾಲಾಳು, 8,000ಕ್ಕೂ ಹೆಚ್ಚು ಕುದುರೆ. ಬೆಟ್ಟ ಇಳಿದಾಗ 20,000 ಕಾಲಾಳು, 6,000 ಕುದುರೆ. ಈ ಎರಡನೆಯ ಲೆಕ್ಕ ಹ್ಯಾನಿಬಲ್ ತಾನೇ ದಕ್ಷಿಣ ಇಟಲಿಯ ಲಾಸಿನಿಯಂ ಎಂಬಲ್ಲಿ ಕಂಚಿನ ಫಲಕದ ಮೇಲೆ ಕೆತ್ತಿಸಿದ್ದು; ಪೊಲಿಬಿಯಸ್ ಕಣ್ಣಾರೆ ನೋಡಿ ನಕಲು ಮಾಡಿಕೊಂಡದ್ದು.

"ಸರಿ," ಎಂದರು. "ಒಂದು ತಿದ್ದುಪಡಿ. ಸಿಪಿಯೊನ ಕಾಯಿಯನ್ನೂ ಮಿಕ್ಕ ಕಾನ್ಸಲ್‌ಗಳ ಜೊತೆ ಗುಂಪಿಗೇ ಹಾಕು. ಬಂದರೆ ಬಂದ, ಬರದಿದ್ದರೆ ಇಲ್ಲ. ನಾನು ರೋಮ್ ಆಡುತ್ತೇನೆ."

"ಮೊದಲ ಸುತ್ತಿಗೇ ಬಂದುಬಿಟ್ಟರೆ?"

"218ರಲ್ಲಿ ಅವನಿಗೆ ಹದಿನೇಳು ಹದಿನೆಂಟು ವಯಸ್ಸು ಕಣೇ. ಟಿಸಿನಸ್ ಕಾಳಗದಲ್ಲಿ ಗಾಯಗೊಂಡ ಅಪ್ಪನನ್ನು ಕಾಪಾಡಿದ ಹುಡುಗ. ನಾಲ್ಕನೇ ಸುತ್ತಿನಿಂದ ಹಾಕು."

"ಆಯ್ತು, ನಾಲ್ಕರಿಂದ. ಆದರೆ ಸಿಗದೇ ಹೋದರೆ ವ್ಯಾರೋನನ್ನು ಬೈಯ್ಯೋ ಹಾಗಿಲ್ಲ," ಎಂದು ಅವಳು ಕಾದಾಟದ ಎಲೆಗಳನ್ನು ಕಲಸತೊಡಗಿದಳು.